ಉಪಸ್ಥಿತನಾದ ಸಾಲಗಾರ: ಗಹಾಣದ ಮನೆ ಮತ್ತು ಬಿಡಿಸಿಕೊಳ್ಳುವ ಹಕ್ಕು

೧. ಪ್ರಸ್ತಾವನೆ

ಅಣ್ಣಿಗೇರಿಯೆಂದೊಡನೆ ಇತಿಹಾಸದ ವಿದ್ಯಾರ್ಥಿಗೆ ನೆನಪಾಗುವವು ಬೆಳ್ವೊಲ ಮುನ್ನೂರು, ಅಮೃತೇಶ್ವರ ದೇವಾಲಯ ಮತ್ತು ಆದಿಕವಿ ಪಂಪನ ಮನೆತನ. ಈ ಮೂರನ್ನೂ ಕುರಿತು ವಿದ್ವಾಂಸರು ಸಾಕಷ್ಟು ಬರೆದಿರುವರು. ಪ್ರಸ್ತುತ ಲೇಖನದ ವಿಷಯವು ಅಷ್ಟು ಉನ್ನತವಾದುದಲ್ಲ. ಶಾಸನಗಳು ಊರ ನಡುವೆ ನಿಂತು ದಾನವನ್ನು ಸಾರಿದರೆ, ಮನೆಯೊಳಗಿನ ಕಟ್ಟಿಗೆಯ ಪೆಟ್ಟಿಗೆಯಲ್ಲಿ ಮಡಿಚಿಟ್ಟ ಗಹಾಣಪತ್ರವು ಸಾಲವನ್ನು ಮೌನವಾಗಿ ಕಾಯ್ದುಕೊಂಡಿರುತ್ತದೆ. ಈ ಎರಡನೆಯ ಬಗೆಯ ದಾಖಲೆಯೂ ಇತಿಹಾಸದ ಸಾಮಗ್ರಿಯೇ. ಅದು ಇಂದಿಗೂ ಸಜೀವವಾಗಿರುವುದರಿಂದ ಅದರ ವಿವೇಚನೆಯು ಇನ್ನಷ್ಟು ಅವಶ್ಯಕ.

ಈ ವಿಷಯವನ್ನು ನಾವು ಕೈಗೆತ್ತಿಕೊಳ್ಳಲು ಒಂದು ಸಣ್ಣ ಘಟನೆಯು ನಿಮಿತ್ತವಾಯಿತು. ಅಣ್ಣಿಗೇರಿಯ ಕಡೆಯಿಂದ ಬರುವ ನಮ್ಮ ವಿದ್ಯಾರ್ಥಿಯೊಬ್ಬನು ಒಂದು ದಿನ ಪಾಠ ಮುಗಿದ ಮೇಲೆ ರಿಜಿಸ್ಟರ್ ಅಂಚೆಯ ಲಕೋಟೆಯೊಂದನ್ನು ನಮ್ಮ ಮುಂದಿಟ್ಟನು. ಅದನ್ನು ಒಡೆದಿರಲಿಲ್ಲ. "ಒಡದು ನೋಡಿದ್ರ ಮನಿ ಹ್ವಾದಂಗ ಅಂತ ನಮ್ಮಪ್ಪ ದೇವರ ಜಗಲಿ ಮ್ಯಾಲ ಇಟ್ಟಾನ್ರಿ ಸರ" ಎಂದನು. ಮನೆ ಕಟ್ಟಲು ತಂದ ಸಾಲದ ಕಂತುಗಳು ನಿಂತುಹೋದುದರಿಂದ ಸಾಲ ಕೊಟ್ಟ ಸಂಸ್ಥೆಯು ಕಳುಹಿಸಿದ ಅರವತ್ತು ದಿನಗಳ ನೋಟೀಸು ಅದಾಗಿತ್ತು. ಅದು ಮನೆಗೆ ಬಂದು ಮುಟ್ಟಿ ಆಗಲೇ ನಲವತ್ತು ದಿನಗಳು ಕಳೆದಿದ್ದವು.

ಆ ತಂದೆಯು ಅವಿವೇಕಿಯಾಗಿರಲಿಲ್ಲ. ತಲೆಮಾರುಗಳ ಭಯವೊಂದು ಅವನ ಕೈಯನ್ನು ತಡೆದಿತ್ತು. ಆದರೆ ಗಹಾಣದ ಇತಿಹಾಸವನ್ನು ಅವಲೋಕಿಸಿದಾಗ ಈ ಭಯವು ಸಾಲಗಾರನಿಗೆ ಎಂದೂ ಹಿತವನ್ನುಂಟುಮಾಡಿಲ್ಲವೆಂಬುದು ಸುಸ್ಪಷ್ಟವಾಗುತ್ತದೆ. ಧರ್ಮಶಾಸ್ತ್ರವಾಗಲಿ, ಆಂಗ್ಲರ ಕಾಯಿದೆಯಾಗಲಿ, ಇಂದಿನ ಬ್ಯಾಂಕು ಕಾಯಿದೆಯಾಗಲಿ, ಸಾಲಗಾರನಿಗೆ ಯಾವ ರಕ್ಷಣೆಯನ್ನು ಕೊಟ್ಟಿದ್ದರೂ ಅದನ್ನು ಎದುರಿಗೆ ಬಂದು ನಿಂತ ಸಾಲಗಾರನಿಗೇ ಕೊಟ್ಟಿದೆ. ಹೀಗೆ ಬಂದು ನಿಲ್ಲಲು ದೊರೆಯುವ ಕಾಲವು ಮಾತ್ರ ಕ್ರಮೇಣ ಕಿರಿದಾಗುತ್ತ ಬಂದಿದೆ. ಇದನ್ನು ನಿರೂಪಿಸುವುದೇ ಈ ಲೇಖನದ ಉದ್ದೇಶ.

೨. ಧರ್ಮಶಾಸ್ತ್ರದಲ್ಲಿ ಆಧಿ

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ರಚಿಸಿದನು. ಬೆಳ್ವೊಲ ನಾಡು ಆ ಚಕ್ರವರ್ತಿಯ ಆಳ್ವಿಕೆಗೆ ಒಳಪಟ್ಟಿದ್ದಿತು. ಆದಕಾರಣ ಅಣ್ಣಿಗೇರಿಯ ಸಾಲದ ಚರಿತ್ರೆಯನ್ನು ಈ ಗ್ರಂಥದಿಂದ ಆರಂಭಿಸುವುದು ಅಸಂಗತವಾಗಲಾರದು.

ಸಾಲಕ್ಕೆ ಆಧಾರವಾಗಿ ಕೊಟ್ಟ ವಸ್ತುವನ್ನು ಸ್ಮೃತಿಕಾರರು 'ಆಧಿ' ಎಂದು ಕರೆದಿರುವರು. ಸಾವಕಾರನು ಬಳಸದೆ ಕಾಯ್ದಿಡಬೇಕಾದುದು ಗೋಪ್ಯಾಧಿ. ಅದರ ಫಲವನ್ನು ಅವನು ಉಣ್ಣಬಹುದಾದುದು ಭೋಗ್ಯಾಧಿ. ಹಳೆಯ ಮೈಸೂರಿನ ಕಡೆ ಇಂದಿಗೂ ಬಳಕೆಯಲ್ಲಿರುವ 'ಭೋಗ್ಯ' ಎಂಬ ಮಾತು ಇಲ್ಲಿಂದಲೇ ಬಂದುದು. ಬಡ್ಡಿಯು ಬೆಳೆದು ಸಾಲವು ಇಮ್ಮಡಿಯಾದರೂ ಬಿಡಿಸಿಕೊಳ್ಳದಿದ್ದರೆ ಆಧಿಯು ಸಾಲಗಾರನ ಕೈತಪ್ಪುತ್ತದೆ. ಕಾಲವನ್ನು ಗೊತ್ತುಪಡಿಸಿ ಇಟ್ಟ ಆಧಿಯು ಆ ಕಾಲ ಮುಗಿದೊಡನೆ ಹೋಗುತ್ತದೆ. ಫಲವನ್ನು ಉಣ್ಣಲು ಕೊಟ್ಟ ಆಧಿಯು ಮಾತ್ರ ಎಂದಿಗೂ ಹೋಗುವುದಿಲ್ಲ. ಯಾಜ್ಞವಲ್ಕ್ಯನ ಮೂರು ಮುಖ್ಯ ನಿಯಮಗಳಿವು.

ಇವುಗಳಿಗಿಂತ ನಮಗೆ ಹೆಚ್ಚು ಮಹತ್ವದ್ದಾಗಿ ತೋರುವುದು ಇನ್ನೊಂದು ನಿಯಮ. ಬಿಡಿಸಿಕೊಳ್ಳುವುದಕ್ಕಾಗಿ 'ಉಪಸ್ಥಿತ'ನಾದ, ಎಂದರೆ ಹಣದೊಡನೆ ಎದುರು ಬಂದು ನಿಂತ, ಸಾಲಗಾರನಿಗೆ ಆಧಿಯನ್ನು ಬಿಟ್ಟುಕೊಡಲೇಬೇಕು. ಬಿಟ್ಟುಕೊಡದ ಸಾವಕಾರನು ಕಳ್ಳನಿಗೆ ಸಮಾನ. ಸಾವಕಾರನು ಊರಲ್ಲಿರದಿದ್ದರೆ ಅವನ ಮನೆಯವರಲ್ಲಿ ಹಣವನ್ನಿಟ್ಟು ಆಧಿಯನ್ನು ಪಡೆಯಬಹುದು. ಸಾಲಗಾರನೇ ಕಾಣಿಸಿಕೊಳ್ಳದಿದ್ದರೆ ಮಾತ್ರ ಸಾವಕಾರನು ಸಾಕ್ಷಿಗಳ ಸಮಕ್ಷಮದಲ್ಲಿ ಅದನ್ನು ಮಾರಬಹುದು. ಬಂದು ನಿಂತವನಿಗೆ ಬಿಡುಗಡೆ, ಬಾರದವನ ಆಸ್ತಿಗೆ ಮಾರಾಟ ಎಂಬ ಈ ಭೇದವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ಎಲ್ಲ ಕಾಯಿದೆಗಳಲ್ಲಿಯೂ ಇದೇ ಭೇದವು ಬೇರೆ ಬೇರೆ ವೇಷಗಳಲ್ಲಿ ಕಾಣಿಸಿಕೊಳ್ಳುತ್ತದೆ.

೩. ಗಹಾಣದ ಬಗೆಗಳು

ಧಾರವಾಡ ಸೀಮೆಯಲ್ಲಿ ಆಧಿಗೆ ಮರಾಠಿಯ ಮೂಲಕ ಬಂದ 'ಗಹಾಣ' ಎಂಬ ಶಬ್ದವೇ ರೂಢಿಯಾಗಿದೆ. ಮನೆಯ ಕಬ್ಜೆಯು ಸಾಲಗಾರನಲ್ಲೇ ಉಳಿದು, ಸಾಲ ತೀರದಿದ್ದರೆ ಮನೆಯನ್ನು ಮಾರಿಸಿ ಹಣ ಪಡೆಯಬಹುದೆಂದು ಬರೆದುಕೊಟ್ಟರೆ ಅದು ಸಾದಾ ಗಹಾಣ. ಕಬ್ಜೆಯನ್ನೇ ಸಾವಕಾರನಿಗೆ ಒಪ್ಪಿಸಿ ಬಾಡಿಗೆಯನ್ನೋ ಬೆಳೆಯನ್ನೋ ಬಡ್ಡಿಗೆ ಬಿಟ್ಟರೆ ಅದು ಕಬ್ಜಾ ಗಹಾಣ. ಇಂತಿಷ್ಟು ಮುದ್ದತಿನೊಳಗೆ ಹಣ ಕೊಟ್ಟರೆ ಮರಳಿ ಕೊಡತಕ್ಕದ್ದು, ಇಲ್ಲವಾದರೆ ಖರೇದಿ ಕಾಯಂ ಎಂಬ ಕರಾರಿನಿಂದ ಮಾರಿದರೆ ಅದು ಮುದ್ದತಿನ ಖರೇದಿ. ಇಂದಿನ ಮನೆಸಾಲಗಳಲ್ಲಿ ಮನೆಯ ಮೂಲ ಹಕ್ಕುಪತ್ರಗಳನ್ನು ಬ್ಯಾಂಕಿನಲ್ಲಿ ಠೇವಣಿಯಾಗಿ ಇಡುವ ಕ್ರಮವು ಹೆಚ್ಚು ಬಳಕೆಯಲ್ಲಿದೆ. ಅದೂ ಗಹಾಣದ ಒಂದು ಬಗೆಯೇ.

ಈ ಬಗೆಗಳಿಗೆಲ್ಲ ಶಾಸನರೂಪವನ್ನು ಕೊಟ್ಟುದು ೧೮೮೨ರ ಸ್ವತ್ತು ಹಸ್ತಾಂತರ ಕಾಯಿದೆ. ಇದು ಮುಂಬಯಿ ಪ್ರಾಂತಕ್ಕೆ ಅನ್ವಯವಾದುದು ೧೮೯೩ರ ಜನವರಿ ೧ರಿಂದ. ಇದರ ೬೦ನೆಯ ಕಲಮು, ಸಾಲದ ಹಣವನ್ನು ತೀರಿಸಿ ಸ್ವತ್ತನ್ನೂ ಕಾಗದಪತ್ರಗಳನ್ನೂ ಮರಳಿ ಪಡೆಯುವ ಹಕ್ಕನ್ನು ಗಹಾಣ ಬರೆದುಕೊಟ್ಟವನಿಗೆ ನೀಡುತ್ತದೆ. ಇದನ್ನೇ ಬಿಡಿಸಿಕೊಳ್ಳುವ ಹಕ್ಕೆಂದು ಕರೆಯುವರು. ಈ ಹಕ್ಕನ್ನು ಕಟ್ಟಿಹಾಕುವ ಕರಾರನ್ನು ಸಾಲಗಾರನೇ ಕೈಯಾರೆ ಬರೆದುಕೊಟ್ಟಿದ್ದರೂ ನ್ಯಾಯಾಲಯವು ಅದನ್ನು ಮಾನ್ಯ ಮಾಡುವುದಿಲ್ಲ. ಸಾವಕಾರನು ಹಣವನ್ನು ತೆಗೆದುಕೊಳ್ಳಲು ಒಪ್ಪದಿದ್ದರೆ ೮೩ನೆಯ ಕಲಮಿನಂತೆ ಅದನ್ನು ನ್ಯಾಯಾಲಯದಲ್ಲಿ ಇಡಬಹುದು. ಸಾವಕಾರನ ಮನೆಯವರಲ್ಲಿ ಹಣವನ್ನಿಡುವ ಸ್ಮೃತಿಯ ನಿಯಮದೊಡನೆ ಇದರ ಸಾದೃಶ್ಯವು ಗಮನಾರ್ಹ. ಅಲ್ಲದೆ ೯೧ನೆಯ ಕಲಮಿನಂತೆ ಸ್ವತ್ತಿನಲ್ಲಿ ಹಿತಸಂಬಂಧವುಳ್ಳವರೂ ಸಾಲಕ್ಕೆ ಜಾಮೀನಾದವರೂ ಅದನ್ನು ಬಿಡಿಸಬಹುದು. ಅಣ್ಣನು ಗಹಾಣವಿಟ್ಟ ಮನೆಯಲ್ಲಿ ತಮ್ಮನಿಗೋ ತಂಗಿಗೋ ಪಾಲಿದ್ದರೆ ಅವರು ಕೈಕಟ್ಟಿ ಕುಳಿತುಕೊಳ್ಳಬೇಕಾಗಿಲ್ಲ.

ಇಲ್ಲಿ ಒಂದು ಭ್ರಮೆಯನ್ನು ನಿವಾರಿಸುವುದು ಅವಶ್ಯ. ಕಂತು ತಪ್ಪಿದೊಡನೆ ಮನೆಯು ಸಾವಕಾರನದಾಗುತ್ತದೆಂದು ನಮ್ಮ ಜನರಲ್ಲಿ ಅನೇಕರು ತಿಳಿದಿರುವರು. ವಸ್ತುಸ್ಥಿತಿ ಹಾಗಿಲ್ಲ. ಬಿಡಿಸಿಕೊಳ್ಳುವ ಹಕ್ಕನ್ನೇ ಅಳಿಸಿ ಸ್ವತ್ತನ್ನು ಸಾವಕಾರನಿಗೆ ಸೇರಿಸುವ ತೀರ್ಪು ಮುದ್ದತಿನ ಖರೇದಿಯಂತಹ ಕೆಲವು ಗಹಾಣಗಳಲ್ಲಿ ಮಾತ್ರ ಸಾಧ್ಯ. ಸಾದಾ ಗಹಾಣದಲ್ಲಿ ಸಾವಕಾರನಿಗೆ ದೊರೆಯುವುದು ಮಾರಾಟದ ಹಕ್ಕು ಮಾತ್ರ. ಮಾರಿ ಬಂದ ಹಣದಲ್ಲಿ ಅವನ ಲೆಕ್ಕವು ತೀರಿ ಉಳಿದುದು ಸಾಲಗಾರನಿಗೆ ಸಲ್ಲುತ್ತದೆ. ಅಲ್ಲದೆ ೧೮೮೨ರ ಕಾಯಿದೆಯ ೬೯ನೆಯ ಕಲಮು ನ್ಯಾಯಾಲಯವನ್ನು ಬಿಟ್ಟು ಮಾರುವ ಅಧಿಕಾರವನ್ನು ಮುಂಬಯಿ, ಮದರಾಸು, ಕಲಕತ್ತೆಗಳಂತಹ ಪಟ್ಟಣಗಳಿಗೂ ಕೆಲವು ವಿಶೇಷ ಸಂದರ್ಭಗಳಿಗೂ ಸೀಮಿತಗೊಳಿಸಿದ್ದಿತು. ಆದುದರಿಂದ ೨೦೦೨ರವರೆಗೆ ಅಣ್ಣಿಗೇರಿಯ ಸಾಮಾನ್ಯ ಗೃಹಸ್ಥನು ಸಾವಕಾರನಿಗೋ ಬ್ಯಾಂಕಿಗೋ ಗಹಾಣವಿಟ್ಟ ಮನೆಯನ್ನು ಮಾರಬೇಕಾದರೆ ದಾವೆ, ಹುಕುಂನಾಮೆ, ಲಿಲಾವುಗಳ ದೀರ್ಘ ಮಾರ್ಗವೇ ಸಾಮಾನ್ಯವಾಗಿದ್ದಿತು. ಸಹಕಾರಿ ಸಂಘಗಳ ವಸೂಲಿಗೆ ಅವುಗಳದೇ ಕಾಯಿದೆಯ ಪ್ರತ್ಯೇಕ ಕ್ರಮವಿದೆ.

೪. ನ್ಯಾಯಾಲಯಕ್ಕೆ ಬಾರದ ಪ್ರತಿವಾದಿ

ಕಾಯಿದೆಯಲ್ಲಿ ಇಷ್ಟು ರಕ್ಷಣೆಯಿದ್ದರೂ ಹತ್ತೊಂಬತ್ತನೆಯ ಶತಮಾನದಲ್ಲಿ ಆಸ್ತಿಗಳು ಕೈಬಿಟ್ಟುಹೋದುದೇಕೆ? ಇದಕ್ಕೆ ಉತ್ತರವನ್ನು ಮುಂಬಯಿ ಪ್ರಾಂತದ ಆರ್ಥಿಕ ಚರಿತ್ರೆಯಲ್ಲಿ ಕಾಣಬಹುದು.

೧೮೪೦ರ ದಶಕದಿಂದ ಧಾರವಾಡ ಜಿಲ್ಲೆಯಲ್ಲಿ ನಡೆದ ಸರ್ವೆಯು ರೈತನ ಹೊಲಕ್ಕೆ ಗೊತ್ತಾದ ಗಡಿಯನ್ನೂ ತೀರುವೆಯನ್ನೂ ಕೊಟ್ಟಿತು. ಅದರೊಡನೆ ಹೊಲವು ಸಾಲಕ್ಕೆ ಒಳ್ಳೆಯ ಆಧಾರವೂ ಆಯಿತು. ೧೮೬೧ರಿಂದ ೧೮೬೫ರವರೆಗೆ ಅಮೇರಿಕೆಯಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿಯು ಇಂಗ್ಲೆಂಡಿಗೆ ದೊರೆಯದಂತಾದಾಗ ಕರಿಮಣ್ಣಿನ ಈ ನಾಡಿನ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂದಿತು. ಬೆಲೆಯಿದ್ದಾಗ ಸಾಲವು ಸುಲಭವಾಗಿ ಹುಟ್ಟಿತು. ಯುದ್ಧವು ಮುಗಿದು ಬೆಲೆಯು ಕುಸಿದಾಗ ಸಾಲವು ಮಾತ್ರ ಉಳಿಯಿತು. ೧೮೭೬–೭೮ರ ಭೀಕರ ಕ್ಷಾಮವು ಈ ಹೊರೆಯ ಮೇಲೆ ಬಂದೆರಗಿತು.

೧೮೭೫ರ ಮೇ ತಿಂಗಳಲ್ಲಿ ಪುಣೆ ಮತ್ತು ಅಹಮದನಗರ ಜಿಲ್ಲೆಗಳ ರೈತರು ಸಾವಕಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನೂ ಹುಕುಂನಾಮೆಗಳನ್ನೂ ಸುಟ್ಟುಹಾಕಿದರು. ಅವರ ಸಿಟ್ಟು ಮುಖ್ಯವಾಗಿ ಕಾಗದದ ಮೇಲಿದ್ದಿತೆಂಬುದು ವಿಚಾರಾರ್ಹ. ಸರಕಾರವು ನೇಮಿಸಿದ ದಖನ್ ದಂಗೆಗಳ ಆಯೋಗವು ವಿಚಾರಣೆ ನಡೆಸಿದಾಗ, ಸಾಲದ ದಾವೆಗಳಲ್ಲಿ ಬಹುಭಾಗವು ಪ್ರತಿವಾದಿಯ ಗೈರುಹಾಜರಿಯಲ್ಲಿ ಏಕಪಕ್ಷೀಯವಾಗಿ ತೀರ್ಮಾನವಾಗುತ್ತಿದ್ದುದು ಬೆಳಕಿಗೆ ಬಂದಿತು. ನ್ಯಾಯಾಲಯವು ದೂರ, ಭಾಷೆಯು ಅಪರಿಚಿತ, ಸಾವಕಾರನ ಕೀರ್ದಿಯ ಮುಂದೆ ತನ್ನ ಮಾತು ನಡೆಯದೆಂಬ ನಂಬಿಕೆ—ಇವೆಲ್ಲ ಸೇರಿ ರೈತನು ಸಮನ್ಸನ್ನು ಪಡೆದೂ ಮನೆಯಲ್ಲೇ ಉಳಿಯುತ್ತಿದ್ದನು. ದೇವರ ಜಗಲಿಯ ಮೇಲೆ ಒಡೆಯದೆ ಇಟ್ಟ ಲಕೋಟೆಯು ಈ ಹಳೆಯ ರೂಢಿಯ ಮುಂದುವರಿಕೆಯೇ ಎಂದು ನಾವು ಭಾವಿಸುತ್ತೇವೆ.

ಆಯೋಗದ ವರದಿಯ ಫಲವಾಗಿ ೧೮೭೯ರಲ್ಲಿ ದಖನ್ ಕೃಷಿಕರ ಪರಿಹಾರ ಕಾಯಿದೆಯು ಬಂದಿತು. ಮೊದಲು ಪುಣೆ, ಸಾತಾರಾ, ಸೊಲ್ಲಾಪುರ, ಅಹಮದನಗರ ಜಿಲ್ಲೆಗಳಿಗಷ್ಟೇ ಅನ್ವಯವಾದ ಇದನ್ನು ೧೯೦೫ರಲ್ಲಿ ಪ್ರಾಂತದ ಇತರ ಜಿಲ್ಲೆಗಳಿಗೂ ವಿಸ್ತರಿಸಲಾಯಿತು. ಈ ಕಾಯಿದೆಯಂತೆ ನ್ಯಾಯಾಧೀಶನು ಸಾಲಪತ್ರದ ಮೇಲಿನ ಅಂಕಿಯನ್ನಷ್ಟೇ ನಂಬದೆ ವ್ಯವಹಾರದ ಆರಂಭದಿಂದ ಲೆಕ್ಕ ತೆಗೆಯಬೇಕು, ಸಾವಕಾರನು ಉಂಡ ಫಲವನ್ನು ಲೆಕ್ಕದಲ್ಲಿ ವಜಾ ಮಾಡಬೇಕು, ಕಂತುಗಳನ್ನು ಕಟ್ಟಿಕೊಡಬಹುದು. ಸಾಲಗಾರನೇ ಮುಂದಾಗಿ ಬಂದು ತನ್ನ ಲೆಕ್ಕವನ್ನು ತೆಗೆಯಿರೆಂದು ದಾವೆ ಹೂಡಲಿಕ್ಕೂ ಅವಕಾಶವಿದ್ದಿತು. ಗ್ರಾಮ ಮುನಸೀಫರನ್ನೂ ಸಂಧಾನಕಾರರನ್ನೂ ನೇಮಿಸಿ ನ್ಯಾಯವನ್ನು ಹಳ್ಳಿಯ ಹತ್ತಿರಕ್ಕೆ ತರಲು ಇದು ಯತ್ನಿಸಿತು. ಬಾರದ ಪ್ರತಿವಾದಿಯನ್ನು ಬರುವಂತೆ ಮಾಡುವುದೇ ಈ ಕಾಯಿದೆಯ ತಿರುಳಾಗಿದ್ದಿತೆಂದರೆ ತಪ್ಪಾಗಲಾರದು.

೫. ಇಪ್ಪತ್ತನೆಯ ಶತಮಾನದ ಪರಿಹಾರಗಳು

೧೯೦೪ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆಯು ಇನ್ನೊಂದು ಮಾರ್ಗವನ್ನು ತೋರಿಸಿತು. ಅಣ್ಣಿಗೇರಿಗೆ ಸಮೀಪದ, ಅಂದು ಧಾರವಾಡ ಜಿಲ್ಲೆಯಲ್ಲಿದ್ದ, ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ೧೯೦೫ರಲ್ಲಿ ಕೃಷಿ ಪತ್ತಿನ ಸಹಕಾರಿ ಸಂಘವು ಸ್ಥಾಪಿತವಾಯಿತು. ಸಾಲಗಾರನನ್ನು ಸಾವಕಾರನ ಹೊಸ್ತಿಲಿನಿಂದ ಎಬ್ಬಿಸಿ ತನ್ನ ನೆರೆಯವರೊಡನೆ ಸರಿಸಮನಾಗಿ ಕುಳ್ಳಿರಿಸಿದುದು ಈ ಚಳವಳಿಯ ಹಿರಿಮೆ.

ಮುಂದೆ ೧೯೩೯ ಮತ್ತು ೧೯೪೭ರ ಮುಂಬಯಿ ಕೃಷಿ ಸಾಲಗಾರರ ಪರಿಹಾರ ಕಾಯಿದೆಗಳೂ ೧೯೪೬ರ ಮುಂಬಯಿ ಲೇವಾದೇವಿಗಾರರ ಕಾಯಿದೆಯೂ ಬಂದವು. ೧೯೫೬ರಲ್ಲಿ ಧಾರವಾಡ ಜಿಲ್ಲೆಯು ಕನ್ನಡ ರಾಜ್ಯದಲ್ಲಿ ಸೇರಿದ ತರುವಾಯ ೧೯೬೧ರ ಲೇವಾದೇವಿಗಾರರ ಕಾಯಿದೆ, ೧೯೭೬ರ ಸಾಲ ಪರಿಹಾರ ಕಾಯಿದೆ ಮತ್ತು ೨೦೧೯ರಲ್ಲಿ ಜಾರಿಗೆ ಬಂದ ೨೦೧೮ರ ಋಣಮುಕ್ತ ಕಾಯಿದೆಗಳು ರಚಿತವಾದವು. ಸಾಲಪರಿಹಾರದ ಈ ಎರಡು ಕಾಯಿದೆಗಳು ಖಾಸಗಿ ಸಾವಕಾರರಿಂದ ಪಡೆದ ಸಾಲವನ್ನು ಕುರಿತವು; ಬ್ಯಾಂಕುಗಳ ಸಾಲವನ್ನು ಅವು ಮುಟ್ಟಲಿಲ್ಲ. ಪರಿಹಾರವು ತಾನಾಗಿ ಮನೆಬಾಗಿಲಿಗೆ ಬರಲಿಲ್ಲವೆಂಬುದೂ ಗಮನಿಸತಕ್ಕ ಸಂಗತಿ. ೨೦೧೮ರ ಕಾಯಿದೆಯ ಲಾಭವನ್ನು ಪಡೆಯಲು ಉಪವಿಭಾಗಾಧಿಕಾರಿಗಳ ಮುಂದೆ ತೊಂಬತ್ತು ದಿನಗಳೊಳಗೆ ಅರ್ಜಿ ಸಲ್ಲಿಸಬೇಕಾಗಿದ್ದಿತು. ಆ ಅವಧಿಯು ಎಂದೋ ಮುಗಿದುಹೋಗಿದೆ. ನೋಂದಣಿಯಿಲ್ಲದ ಲೇವಾದೇವಿಗಾರರ ಬಲಾತ್ಕಾರದ ವಸೂಲಿಯನ್ನು ತಡೆಯಲು ೨೦೨೫ರಲ್ಲಿ ರಾಜ್ಯ ಸರಕಾರವು ಕಿರುಸಾಲಗಳಿಗೆ ಸಂಬಂಧಿಸಿದ ಕಾಯಿದೆಯನ್ನು ತಂದಿದೆ. ಅದು ಕೂಡ ರಿಜರ್ವ್ ಬ್ಯಾಂಕಿನ ಅಂಕೆಯಲ್ಲಿರುವ ಸಂಸ್ಥೆಗಳಿಗೆ ಅನ್ವಯಿಸುವುದಿಲ್ಲ.

ಬಿಡಿಸಿಕೊಳ್ಳುವ ಹಕ್ಕಿನ ಕಾಲಮಿತಿಯಲ್ಲಿಯೂ ಬದಲಾವಣೆಯಾಯಿತು. ೧೯೦೮ರ ಕಾಲಮಿತಿ ಕಾಯಿದೆಯಲ್ಲಿ ಗಹಾಣದ ಸ್ವತ್ತನ್ನು ಬಿಡಿಸಿಕೊಳ್ಳಲು ೬೦ ವರ್ಷಗಳ ಅವಕಾಶವಿದ್ದಿತು. ೧೯೬೩ರ ಕಾಯಿದೆಯು ಅದನ್ನು ೩೦ ವರ್ಷಗಳಿಗೆ ಇಳಿಸಿತು. ಆದರೆ ಕಬ್ಜಾ ಗಹಾಣದ ವಿಷಯದಲ್ಲಿ ೨೦೧೪ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸಿಂಗ್ ರಾಮ್ ಪ್ರಕರಣದಲ್ಲಿ ಮಹತ್ವದ ತೀರ್ಪನ್ನಿತ್ತಿತು. ಫಲವನ್ನು ಉಣ್ಣುತ್ತಿರುವ ಸಾವಕಾರನು ಗಹಾಣದ ತಾರೀಖಿನಿಂದ ಮೂವತ್ತು ವರ್ಷಗಳು ಕಳೆದುವೆಂಬ ಕಾರಣದಿಂದಲೇ ಒಡೆಯನಾಗಲಾರನು. ಸಾಲವು ಫಲದಿಂದಲೋ ಹಣದಿಂದಲೋ ತೀರಿದಾಗಲೇ ಕಾಲದ ಎಣಿಕೆಯು ಆರಂಭವಾಗುತ್ತದೆಂಬುದು ಅದರ ಸಾರ. ಭೋಗ್ಯಾಧಿಯು ಹೋಗುವುದಿಲ್ಲವೆಂಬ ಸ್ಮೃತಿಯ ನಿಯಮಕ್ಕೆ ಇದು ಬೇರೆ ದಾರಿಯಿಂದ ಬಂದು ಮುಟ್ಟಿದೆ. ಅಜ್ಜನ ಕಾಲದ ಕಬ್ಜಾ ಗಹಾಣಪತ್ರವನ್ನು ನಿರುಪಯುಕ್ತವೆಂದು ಹರಿದೊಗೆಯದಿರಲು ಇದು ಸಾಕಾದ ಕಾರಣ.

೬. ೨೦೦೨ರ ಕಾಯಿದೆ ಮತ್ತು ಅದರ ಹೆಜ್ಜೆಗಳು

ಬ್ಯಾಂಕಿನ ಮನೆಸಾಲಕ್ಕೆ ಸಂಬಂಧಿಸಿದಂತೆ ಚಿತ್ರವು ಸಂಪೂರ್ಣವಾಗಿ ಬದಲಾದುದು ೨೦೦೨ರಲ್ಲಿ. ಸಾಮಾನ್ಯವಾಗಿ ಸರ್ಫೇಸಿ ಎಂದು ಕರೆಯಲ್ಪಡುವ ಆ ವರ್ಷದ ಕಾಯಿದೆಯು ಬ್ಯಾಂಕುಗಳಿಗೂ ಗೊತ್ತುಪಡಿಸಿದ ಹಣಕಾಸು ಸಂಸ್ಥೆಗಳಿಗೂ ನ್ಯಾಯಾಲಯದ ಹುಕುಂನಾಮೆಯಿಲ್ಲದೆ ಗಹಾಣದ ಸ್ವತ್ತನ್ನು ಸ್ವಾಧೀನಪಡಿಸಿಕೊಂಡು ಮಾರುವ ಅಧಿಕಾರವನ್ನು ಕೊಟ್ಟಿತು. ಸಹಕಾರಿ ಬ್ಯಾಂಕುಗಳಿಗೂ ಇದು ಅನ್ವಯಿಸುತ್ತದೆಂದು ಸರ್ವೋಚ್ಚ ನ್ಯಾಯಾಲಯವು ೨೦೨೦ರಲ್ಲಿ ನಿರ್ಣಯಿಸಿದೆ. ಇದರ ಹೆಜ್ಜೆಗಳನ್ನು ಕ್ರಮವಾಗಿ ತಿಳಿಯುವುದು ಹಿತಕರ.

ಮೊದಲನೆಯದಾಗಿ, ಕಂತು ತಪ್ಪಿ ತೊಂಬತ್ತು ದಿನಗಳು ಮೀರಿದರೆ ಸಾಲದ ಖಾತೆಯನ್ನು ವಸೂಲಾಗದ ಖಾತೆಯೆಂದು ವರ್ಗೀಕರಿಸಲಾಗುತ್ತದೆ. ಇಷ್ಟರೊಳಗೆ ಸಾಲಗಾರನು ಶಾಖೆಗೆ ಹೋಗಿ ತನ್ನ ಕಷ್ಟವನ್ನು ಬರಹದಲ್ಲಿ ತಿಳಿಸಿ ಕಂತಿನ ಮರುಹೊಂದಾಣಿಕೆಯನ್ನು ಕೇಳಿದರೆ ಮಾತುಕತೆಗೆ ಹೆಚ್ಚಿನ ಅವಕಾಶವಿರುತ್ತದೆ.

ಎರಡನೆಯದಾಗಿ, ೧೩ನೆಯ ಕಲಮಿನ ೨ನೆಯ ಉಪಕಲಮಿನಂತೆ ಅರವತ್ತು ದಿನಗಳ ಅವಧಿಯನ್ನಿತ್ತು ನೋಟೀಸು ಕೊಡಬೇಕು. ಎಷ್ಟು ಹಣ ಬರಬೇಕಾಗಿದೆ, ಯಾವ ಸ್ವತ್ತಿನ ಮೇಲೆ ಕ್ರಮ ಕೈಕೊಳ್ಳಲಾಗುವುದು ಎಂಬ ವಿವರಗಳು ಅದರಲ್ಲಿರಬೇಕು. ಈ ನೋಟೀಸು ಮನೆಯನ್ನು ಕಸಿದುಕೊಳ್ಳುವ ಆಜ್ಞೆಯಲ್ಲ. ಮಾತುಕತೆಗೆ ಕಾಯಿದೆಯು ಇತ್ತ ಎರಡು ತಿಂಗಳ ಕಾಲಾವಕಾಶವಿದು. ಇದಕ್ಕೆ ಸಾಲಗಾರನು ಲಿಖಿತ ಆಕ್ಷೇಪಣೆಯನ್ನು ಕೊಟ್ಟರೆ ಬ್ಯಾಂಕು ಅದನ್ನು ಪರಿಶೀಲಿಸಿ, ಒಪ್ಪದಿದ್ದರೆ ಕಾರಣಗಳನ್ನು ಹದಿನೈದು ದಿನಗಳೊಳಗೆ ತಿಳಿಸಲೇಬೇಕು. ಮೂಲ ಕಾಯಿದೆಯಲ್ಲಿ ಈ ಉತ್ತರದ ಕಟ್ಟುಪಾಡು ಇರಲಿಲ್ಲ. ೨೦೦೪ರಲ್ಲಿ ಮಾರ್ಡಿಯಾ ಕೆಮಿಕಲ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಸಾಲಗಾರನ ಮಾತನ್ನು ಕೇಳುವುದು ಅವಶ್ಯವೆಂದು ಹೇಳಿದ ತರುವಾಯ ಸಂಸತ್ತು ಇದನ್ನು ಸೇರಿಸಿತು. ಆದರೆ ಉತ್ತರವನ್ನು ಪಡೆಯುವ ಹಕ್ಕು ಪತ್ರವನ್ನು ಬರೆದವನಿಗೆ ಮಾತ್ರ ಎಂಬುದನ್ನು ಮರೆಯಲಾಗದು. ನೋಟೀಸು ಬಂದ ಮೇಲೆ ಬ್ಯಾಂಕಿನ ಒಪ್ಪಿಗೆಯಿಲ್ಲದೆ ಮನೆಯನ್ನು ಮಾರುವುದಾಗಲಿ ಬಾಡಿಗೆಗೆ ಬರೆದುಕೊಡುವುದಾಗಲಿ ನಿಷಿದ್ಧ. ಗಾಬರಿಯಿಂದ ಸಂಬಂಧಿಕರ ಹೆಸರಿಗೆ ಮನೆಯನ್ನು ಮಾಡಿಸುವವರು ಇನ್ನೊಂದು ತೊಡಕನ್ನು ತಂದುಕೊಳ್ಳುತ್ತಾರೆ.

ಮೂರನೆಯದಾಗಿ, ಅರವತ್ತು ದಿನಗಳು ಕಳೆದರೆ ಸ್ವಾಧೀನದ ನೋಟೀಸನ್ನು ಮನೆಗೆ ಅಂಟಿಸಿ ಎರಡು ಪತ್ರಿಕೆಗಳಲ್ಲಿ ಪ್ರಕಟಿಸಲಾಗುತ್ತದೆ. ಅವುಗಳಲ್ಲಿ ಒಂದು ಪ್ರಾದೇಶಿಕ ಭಾಷೆಯದಾಗಿರಬೇಕು. ನಿಜವಾದ ಕಬ್ಜೆಗಾಗಿ ಜಿಲ್ಲಾ ದಂಡಾಧಿಕಾರಿಗಳ ನೆರವನ್ನು ಪಡೆಯಬಹುದು. ಸ್ವಾಧೀನದ ಕ್ರಮವು ನಡೆದ ನಲವತ್ತೈದು ದಿನಗಳೊಳಗೆ ಸಾಲಗಾರನು ಸಾಲ ವಸೂಲಿ ನ್ಯಾಯಾಧಿಕರಣಕ್ಕೆ ಅರ್ಜಿ ಸಲ್ಲಿಸಬಹುದು. ಸಿವಿಲ್ ನ್ಯಾಯಾಲಯಕ್ಕೆ ಈ ವಿಷಯದಲ್ಲಿ ಸಾಮಾನ್ಯವಾಗಿ ಅಧಿಕಾರವಿಲ್ಲ. ನಮ್ಮ ರಾಜ್ಯದ ನ್ಯಾಯಾಧಿಕರಣವಿರುವುದು ಬೆಂಗಳೂರಿನಲ್ಲಿ. ೧೮೭೯ರ ಕಾಯಿದೆಯು ನ್ಯಾಯವನ್ನು ಹಳ್ಳಿಗೆ ತರಲು ಯತ್ನಿಸಿದರೆ, ೨೦೦೨ರ ಕಾಯಿದೆಯು ಅಣ್ಣಿಗೇರಿಯ ಸಾಲಗಾರನನ್ನು ರಾಜಧಾನಿಯವರೆಗೆ ನಡೆಸುತ್ತದೆ. ಈ ದೂರವೂ ಗೈರುಹಾಜರಿಗೆ ಒಂದು ಕಾರಣವಾಗಬಲ್ಲದೆಂಬುದನ್ನು ಒಪ್ಪದೆ ಗತ್ಯಂತರವಿಲ್ಲ.

ನಾಲ್ಕನೆಯದಾಗಿ, ಮನೆಯ ಬೆಲೆಯನ್ನು ಮಾನ್ಯತೆ ಪಡೆದ ಮೌಲ್ಯಮಾಪಕರಿಂದ ಕಟ್ಟಿಸಿ, ಕನಿಷ್ಠ ಬೆಲೆಯನ್ನು ಗೊತ್ತುಮಾಡಿ, ಸಾಲಗಾರನಿಗೆ ಮೂವತ್ತು ದಿನಗಳ ಮಾರಾಟದ ನೋಟೀಸನ್ನು ಕೊಟ್ಟು ಲಿಲಾವು ನಡೆಸಬೇಕು. ಬೆಲೆಯನ್ನು ತೀರ ಕಡಿಮೆಯಾಗಿ ಕಟ್ಟಿದ್ದರೆ ಸಾಲಗಾರನು ಆಕ್ಷೇಪಿಸಬಹುದು. ಲಿಲಾವಿನಲ್ಲಿ ಬಂದ ಹಣವು ಸಾಲಕ್ಕಿಂತ ಹೆಚ್ಚಾದರೆ ಉಳಿಕೆಯು ಅವನಿಗೆ ಸಲ್ಲಬೇಕು. ಮನೆಯನ್ನು ಉಳಿಸಿಕೊಳ್ಳುವುದು ಸಾಧ್ಯವೇ ಇಲ್ಲವೆಂದು ತೋರಿದರೆ, ಲಿಲಾವಿಗೆ ಮೊದಲೇ ಬ್ಯಾಂಕಿನ ಒಪ್ಪಿಗೆಯನ್ನು ಪಡೆದು ತಾನೇ ಗಿರಾಕಿಯನ್ನು ತಂದು ಮಾರುವುದು ಲೇಸು; ಲಿಲಾವಿನ ಬೆಲೆಗಿಂತ ಊರ ಬೆಲೆಯು ಸಾಮಾನ್ಯವಾಗಿ ಮೇಲಾಗಿರುತ್ತದೆ.

ಈಗ ಬಿಡಿಸಿಕೊಳ್ಳುವ ಹಕ್ಕಿನ ಪ್ರಶ್ನೆ. ನ್ಯಾಯಾಲಯದ ಮೂಲಕ ಮಾರಾಟವಾಗುವಾಗ ಮಾರಾಟವು ಕಾಯಂ ಆಗುವವರೆಗೂ ಹಣವನ್ನು ತುಂಬಿ ಮನೆಯನ್ನು ಉಳಿಸಿಕೊಳ್ಳಲು ದಿವಾಣಿ ಪ್ರಕ್ರಿಯಾ ಸಂಹಿತೆಯಲ್ಲಿ ಅವಕಾಶವಿದೆ. ಸರ್ಫೇಸಿಯಲ್ಲಿ ೨೦೧೬ರ ತಿದ್ದುಪಡಿಯ ತರುವಾಯ ಲಿಲಾವಿನ ನೋಟೀಸು ಪ್ರಕಟವಾಗುವ ಮೊದಲೇ ಸಂಪೂರ್ಣ ಹಣವನ್ನು ಸಲ್ಲಿಸಬೇಕು. ಪ್ರಕಟಣೆಯಾದೊಡನೆ ಹಕ್ಕು ಮುಗಿಯುತ್ತದೆಂದು ೨೦೨೩ರ ಸೆಲಿರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿದಿದೆ. ಅರವತ್ತು ವರ್ಷಗಳ ಅವಕಾಶವು ಮೂವತ್ತು ವರ್ಷಗಳಾಗಿ, ಇಲ್ಲಿ ಕೆಲವು ತಿಂಗಳುಗಳಿಗೆ ಬಂದು ನಿಂತಿರುವುದನ್ನು ವಾಚಕರು ಗಮನಿಸಬೇಕು. ಲಿಲಾವಿನ ದಿನ ಹಣದ ಚೀಲವನ್ನು ಹಿಡಿದು ಓಡಿಬಂದು ಮನೆಯನ್ನು ಉಳಿಸುವ ದೃಶ್ಯವು ನಾಟಕದಲ್ಲಿ ಸೊಗಸಾಗಿರಬಹುದು. ಈ ಕಾಯಿದೆಯ ಮುಂದೆ ಅದು ತಡವಾದ ಪ್ರಯತ್ನ.

೭. ಅಣ್ಣಿಗೇರಿಯ ಸಾಲಗಾರನಿಗೆ ವಿಶೇಷ ಸಂಗತಿಗಳು

ಕೃಷಿ ಜಮೀನಿನ ಮೇಲಿನ ಗಹಾಣಕ್ಕೆ ೨೦೦೨ರ ಕಾಯಿದೆಯು ಅನ್ವಯಿಸುವುದಿಲ್ಲ. ಒಂದು ಲಕ್ಷ ರೂಪಾಯಿಗಳನ್ನು ಮೀರದ ಸಾಲಕ್ಕೂ, ಅಸಲು ಬಡ್ಡಿಗಳಲ್ಲಿ ಶೇಕಡಾ ಇಪ್ಪತ್ತಕ್ಕಿಂತ ಕಡಿಮೆ ಬಾಕಿ ಉಳಿದಿರುವಾಗಲೂ ಅದು ಅನ್ವಯಿಸದು. ಆದರೆ ಜಮೀನು ಕೃಷಿಯದೇ ಎಂಬುದನ್ನು ಪಹಣಿಯ ಬರಹವೊಂದರಿಂದಲೇ ನಿರ್ಧರಿಸಲಾಗದು. ನಿಜವಾದ ಉಪಯೋಗವನ್ನೂ ನೋಡಬೇಕೆಂದು ೨೦೧೮ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿದೆ. ಬಿನ್‌ಶೇತ್ಕಿ ಮಾಡಿಸದ ಹೊಲದಂಚಿನಲ್ಲಿ ಮನೆ ಕಟ್ಟಿಕೊಂಡವರಿಗೆ ಈ ಅಂಶವು ಮುಖ್ಯ.

ರೈತನು ವಾಸಿಸುವ ಮನೆಯನ್ನು ಜಪ್ತಿ ಮಾಡಕೂಡದೆಂಬ ದಿವಾಣಿ ಸಂಹಿತೆಯ ೬೦ನೆಯ ಕಲಮನ್ನು ಹಲವರು ನೆಚ್ಚಿಕೊಂಡಿರುವುದುಂಟು. ಆ ರಕ್ಷಣೆಯಿರುವುದು ಕೈಗಡದಂತಹ ಸಾಲಗಳ ವಸೂಲಿಯಲ್ಲಿ ನಡೆಯುವ ಜಪ್ತಿಗೆ. ಆ ಮನೆಯನ್ನೇ ಗಹಾಣವಾಗಿ ಬರೆದುಕೊಟ್ಟಿದ್ದರೆ ಅದು ಸಹಾಯಕ್ಕೆ ಬಾರದು.

ವಸೂಲಿಗೆ ಬರುವವರು ಬೆಳಿಗ್ಗೆ ಎಂಟರ ಮೊದಲು ಅಥವಾ ಸಂಜೆ ಏಳರ ತರುವಾಯ ದೂರವಾಣಿ ಕರೆ ಮಾಡಕೂಡದೆಂದೂ, ಬೆದರಿಸಕೂಡದೆಂದೂ ೨೦೨೨ರಲ್ಲಿ ರಿಜರ್ವ್ ಬ್ಯಾಂಕು ಆಜ್ಞಾಪಿಸಿದೆ. ಸಾಲ ತೀರಿದ ಮೂವತ್ತು ದಿನಗಳೊಳಗೆ ಹಕ್ಕುಪತ್ರಗಳನ್ನು ಮರಳಿಸಬೇಕು. ಸಂಸ್ಥೆಯದೇ ತಪ್ಪಿನಿಂದ ತಡವಾದರೆ ದಿನಕ್ಕೆ ೫,೦೦೦ ರೂಪಾಯಿಗಳಂತೆ ಪರಿಹಾರ ಕೊಡಬೇಕೆಂದು ೨೦೨೩ರ ಆದೇಶವಿದೆ. ಬಿಟ್ಟುಕೊಡದ ಸಾವಕಾರನನ್ನು ಕಳ್ಳನೆಂದ ಸ್ಮೃತಿಕಾರನ ಭಾವನೆಯೇ ಇಲ್ಲಿ ಅಂಕಿಗಳ ಭಾಷೆಯಲ್ಲಿ ಮಾತನಾಡುತ್ತಿದೆ. ಮಹಿಳೆಯರಿಗೂ, ಪರಿಶಿಷ್ಟ ಜಾತಿ ಪಂಗಡಗಳವರಿಗೂ, ಅಲ್ಪ ವರಮಾನದವರಿಗೂ ೧೯೮೭ರ ಕಾನೂನು ಸೇವೆಗಳ ಕಾಯಿದೆಯಂತೆ ಉಚಿತವಾಗಿ ವಕೀಲರ ನೆರವು ದೊರೆಯುತ್ತದೆ. ತಾಲೂಕು ಸಮಿತಿಗೋ ಧಾರವಾಡದ ಜಿಲ್ಲಾ ಪ್ರಾಧಿಕಾರಕ್ಕೋ ಅರ್ಜಿ ಸಲ್ಲಿಸಿದರೆ ಸಾಕು.

ಸಾಲ ಕೊಟ್ಟ ಸಂಸ್ಥೆಯೊಡನೆ ವ್ಯವಹರಿಸುವಾಗ ಮೂರು ಸಂಗತಿಗಳನ್ನು ಪಾಲಿಸುವುದು ಉಚಿತ. ಬಾಯಿಮಾತಿಗಿಂತ ಪತ್ರವೇ ಮೇಲು. ಪ್ರತಿಯನ್ನಿಟ್ಟುಕೊಂಡು ಮುಟ್ಟಿದ ಸಹಿಯನ್ನು ಪಡೆಯಬೇಕು. ಅಸಲು, ಬಡ್ಡಿ, ದಂಡ, ಖರ್ಚುಗಳನ್ನು ಬೇರೆ ಬೇರೆಯಾಗಿ ತೋರಿಸುವ ಲೆಕ್ಕದ ಉತಾರವನ್ನು ಕೇಳಿ ಪಡೆಯಬೇಕು. ಏಕಗಂಟಿನ ತೀರುವಳಿಗೆ ಒಪ್ಪಿಕೊಂಡರೆ ಅದರ ಮೊತ್ತವನ್ನೂ ಕೊನೆಯ ತಾರೀಖನ್ನೂ ಬರಹದಲ್ಲಿ ಪಡೆಯದೆ ಹಣವನ್ನು ಕೊಡಕೂಡದು. ಈಡೇರಿಸಲಾಗದ ವಚನವನ್ನು ಕೊಡುವುದಕ್ಕಿಂತ ಈಡೇರಿಸಬಲ್ಲ ಸಣ್ಣ ಕಂತನ್ನು ಸೂಚಿಸುವುದು ಲೇಸು.

೮. ಉಪಸಂಹಾರ

ಇತಿಹಾಸವು ಸಾಲಗಾರನಿಗೆ ಹಣವನ್ನು ಕೊಡಲಾರದು. ಕಾಯಿದೆಯ ತಿಳಿವಳಿಕೆಯಿಂದ ಮಳೆ ಬಾರದು, ಕಡಲೆಯ ದರ ಏರದು. ಎದುರು ಬಂದು ನಿಂತವರೆಲ್ಲರ ಮನೆಗಳೂ ಉಳಿದವೆಂದು ನಾವು ಹೇಳುವುದಿಲ್ಲ. ಆದರೆ ಬಾರದೆ ಉಳಿದವನಿಗೆ ಮಿತಾಕ್ಷರೆಯ ಕಾಲದಿಂದ ಇಂದಿನವರೆಗೆ ಯಾವ ವ್ಯವಸ್ಥೆಯೂ ಮನೆಯನ್ನು ಉಳಿಸಿಕೊಟ್ಟುದಿಲ್ಲ.

ಆರಂಭದಲ್ಲಿ ಹೇಳಿದ ವಿದ್ಯಾರ್ಥಿಯ ತಂದೆಯು ಉಳಿದ ಇಪ್ಪತ್ತು ದಿನಗಳಲ್ಲಿ ಲಕೋಟೆಯನ್ನು ಒಡೆಯಿಸಿ, ಮಗನ ಕೈಯಿಂದ ಉತ್ತರವನ್ನು ಬರೆಯಿಸಿಕೊಂಡು ತಾನೇ ಶಾಖೆಗೆ ಹೋದನು. ಲೆಕ್ಕವನ್ನು ಕೇಳಿ ಪಡೆದಾಗ ಬಾಕಿಯು ಅವನು ಅಂಜಿದ್ದಷ್ಟು ಇರಲಿಲ್ಲ. ಕಡಲೆಯನ್ನು ಮಾರಿದ ಹಣದಿಂದಲೂ ತಮ್ಮನ ನೆರವಿನಿಂದಲೂ ನಿಂತ ಕಂತುಗಳನ್ನು ತುಂಬಿದುದರಿಂದ ಸಂಸ್ಥೆಯು ಮುಂದಿನ ಕ್ರಮವನ್ನು ಕೈಬಿಟ್ಟಿತು. ಇನ್ನೂ ಹನ್ನೊಂದು ವರ್ಷಗಳ ಕಂತುಗಳು ಉಳಿದಿವೆ. ಅವನ ಕಷ್ಟವು ಮುಗಿದಿಲ್ಲ. ಆದರೆ ಅವರ ಮನೆಗೆ ಬರುವ ಲಕೋಟೆಗಳನ್ನು ಈಗ ಬಂದ ದಿನವೇ ಒಡೆಯಲಾಗುತ್ತದೆ.

ನಮ್ಮ ಮಹಾವಿದ್ಯಾಲಯಗಳಲ್ಲಿ ಓದುವ ಎಷ್ಟೋ ಮಕ್ಕಳು ತಮ್ಮ ಮನೆಗಳಲ್ಲಿ ಇಂತಹ ಕಾಗದವನ್ನು ಓದಬಲ್ಲ ಮೊದಲಿಗರು. ಹಳಗನ್ನಡದ ಶಾಸನವನ್ನು ಓದಲು ಕಲಿಸುವ ಅಧ್ಯಾಪಕರು ಅದೇ ಶ್ರದ್ಧೆಯಿಂದ ಒಂದು ಗಹಾಣಪತ್ರವನ್ನೂ ಒಂದು ನೋಟೀಸನ್ನೂ ತರಗತಿಯಲ್ಲಿ ಓದಿಸಿದರೆ, ಅಣ್ಣಿಗೇರಿಯ ಮಾಳಿಗೆ ಮನೆಗಳಲ್ಲಿ ಒಂದೆರಡಾದರೂ ತಮ್ಮ ಒಡೆಯರ ಕೈಯಲ್ಲಿಯೇ ಉಳಿದಾವು.